ರೆನೆ ಲಾಲಿಕ್

ರೆನೆ ಜೂಲ್ ಲಾಲಿಕ್ (ಏಪ್ರಿಲ್ 6, 1860 – ಮೇ 1945) ಫ್ರಾನ್ಸಿನ ಆಭರಣ ವಿನ್ಯಾಸಕರು ಹಾಗೂ ಗಾಜಿನ ಕಲಾವಿದರು. ಹೂವು, ಎಲೆ, ಕೀಟ, ಹಾವು, ಹಕ್ಕಿಗಳ ರೂಪಗಳನ್ನು ಆಭರಣಕ್ಕೆ ತಂದ ಇವರು ಆರ್ ನೂವೋ ಶೈಲಿಯ ಪ್ರಮುಖರಲ್ಲೊಬ್ಬರು. ಒಡವೆಯ ಮೌಲ್ಯವನ್ನು ಅದರ ವಜ್ರಗಳಿಂದ ಅಳೆಯುತ್ತಿದ್ದ ಕಾಲದಲ್ಲಿ, ಮೌಲ್ಯವಿರುವುದು ಕಲ್ಪನೆ ಮತ್ತು ಕುಸುರಿಯಲ್ಲಿ ಎಂಬುದನ್ನು ಇವರು ತಮ್ಮ ಕೃತಿಗಳಿಂದ ತೋರಿಸಿದರು.

ಬಾಲ್ಯ ಮತ್ತು ಶಿಕ್ಷಣ

ಲಾಲಿಕ್ ಜನಿಸಿದ್ದು ಶಾಂಪೇನ್ ಪ್ರಾಂತ್ಯದ ಆಯಿ ಎಂಬ ಊರಿನಲ್ಲಿ. ಕುಟುಂಬ ಪ್ಯಾರಿಸ್ ಸಮೀಪಕ್ಕೆ ನೆಲೆ ಬದಲಿಸಿದರೂ ಬೇಸಿಗೆ ರಜೆಗಳು ಆ ಹಳ್ಳಿಗಾಡಿನಲ್ಲೇ ಕಳೆದವು. 1876ರಲ್ಲಿ ತಂದೆ ತೀರಿಕೊಂಡ ಬಳಿಕ, ಹದಿನಾರರ ಹರೆಯದ ಲಾಲಿಕ್ ಪ್ಯಾರಿಸ್ಸಿನ ಲೂಯಿ ಓಕಾಕ್ ಅವರ ಬಳಿ ಅಕ್ಕಸಾಲೆ ಕೆಲಸ ಕಲಿಯಲು ಸೇರಿದರು. 1878ರಿಂದ ಎರಡು ವರ್ಷ ಲಂಡನ್ನಿನ ಸಿಡನ್‌ಹ್ಯಾಮ್‌ನಲ್ಲಿ ಕಲಾಭ್ಯಾಸ ಮಾಡಿದರು.

ಆಭರಣಗಳು

ಮರಳಿ ಬಂದು ಕಾರ್ಟಿಯೆ, ಬೂಶರೋನ್ ಮುಂತಾದ ಸಂಸ್ಥೆಗಳಿಗೆ ವಿನ್ಯಾಸಗಳನ್ನು ಬರೆದುಕೊಟ್ಟ ಲಾಲಿಕ್, 1885ರಲ್ಲಿ ಜೂಲ್ ದೆಸ್ತಾಪ್ ಅವರ ಕಾರ್ಯಾಗಾರವನ್ನು ವಹಿಸಿಕೊಂಡರು. ಪ್ರಾಣಿಗಳ ಕೊಂಬು, ದಂತ, ಗಾಜು, ಓಪಲ್ ಮುಂತಾದವನ್ನು ಚಿನ್ನದೊಡನೆ ನಿಸ್ಸಂಕೋಚವಾಗಿ ಬೆರೆಸಿದರು. ಅರೆಪಾರದರ್ಶಕವಾದ ಕೊಂಬು ಹೂದಳದ ಹಾಗೂ ಎಲೆಯ ತೆಳುತನವನ್ನು ತೋರಲು ಒದಗಿತು. ಕೀಟಗಳ ರೆಕ್ಕೆಗಳಿಗೆ ಹಿಂಬದಿಯ ಲೋಹದ ತಗಡಿಲ್ಲದ ಎನಾಮೆಲ್ ಬಳಸಿದ್ದರಿಂದ, ಬೆಳಕು ಬಣ್ಣದ ಗಾಜಿನ ಕಿಟಕಿಯಲ್ಲಿ ಹಾದಂತೆ ಅದರೊಳಗೆ ಹಾದುಹೋಗುತ್ತಿತ್ತು. ಜಪಾನಿನ ಕಲೆಯ ಪ್ರಭಾವವೂ ಇವರ ಮೇಲಿತ್ತು. ನಟಿ ಸಾರಾ ಬರ್ನಾರ್ ಇವರ ಆಭರಣಗಳನ್ನು ಮೆಚ್ಚಿ ಧರಿಸಿದವರಲ್ಲಿ ಪ್ರಸಿದ್ಧರು.

1890ರ ದಶಕದ ಕೊನೆಯಲ್ಲಿ ರಚಿಸಿದ ಏರೋಪ್ಲೇನ್ ಚಿಟ್ಟೆಯ ಎದೆಪದಕ ಇವರ ಅತ್ಯಂತ ಪ್ರಸಿದ್ಧ ಕೃತಿ. ಕೀಟದ ಬಾಯಿಯಿಂದ ಸ್ತ್ರೀಯೊಬ್ಬಳ ಶಿರ ಮತ್ತು ಎದೆಭಾಗ ಹೊರಹೊಮ್ಮುತ್ತದೆ. ಮುಂದೆ ಉಗುರುಳ್ಳ ಚಿನ್ನದ ಪಂಜಗಳಿವೆ. ರೆಕ್ಕೆಗಳಿಗೆ ಕೀಲುಗಳಿದ್ದು ಅವು ಅಲುಗುತ್ತವೆ. ಹರವು ಸುಮಾರು 27 ಸೆಂಟಿಮೀಟರ್ ಇರುವುದರಿಂದ ಇದನ್ನು ಒಡವೆಯೆನ್ನುವುದಕ್ಕಿಂತ ಶಿಲ್ಪವೆನ್ನುವುದೇ ಹೆಚ್ಚು ಸರಿ. ಸೌಂದರ್ಯ ಮತ್ತು ಭಯ ಒಟ್ಟಿಗೆ ಮೂಡುವ ಈ ಕೃತಿಯನ್ನು ಕೊಂಡ ಕಲಾಸಂಗ್ರಾಹಕ ಕಲೂಸ್ತ್ ಗುಲ್ಬೆಂಕಿಯನ್ ಇವರ ದೊಡ್ಡ ಪೋಷಕರಾಗಿದ್ದರು. ಇದು ಈಗ ಲಿಸ್ಬನ್ನಿನ ಗುಲ್ಬೆಂಕಿಯನ್ ವಸ್ತುಸಂಗ್ರಹಾಲಯದಲ್ಲಿದೆ. 1900ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಲಾಲಿಕ್ ಅವರ ಕೀರ್ತಿ ಉತ್ತುಂಗಕ್ಕೇರಿತು.

ಗಾಜಿನತ್ತ

ಆ ಕೀರ್ತಿಯೇ ತೊಡಕೂ ಆಯಿತು. ಇವರ ಶೈಲಿಯ ಅಗ್ಗದ ಅನುಕರಣೆಗಳು ಮಾರುಕಟ್ಟೆಯನ್ನು ತುಂಬಿದವು. ಜನರ ಅಭಿರುಚಿಯೂ ಬದಲಾಗತೊಡಗಿತು. ಸುಗಂಧದ್ರವ್ಯ ತಯಾರಕ ಫ್ರಾನ್ಸ್ವಾ ಕೋಟಿ ಅವರಿಗಾಗಿ ಸೀಸೆಗಳನ್ನು ವಿನ್ಯಾಸಗೊಳಿಸಿದ ಲಾಲಿಕ್ ಕ್ರಮೇಣ ಒಡವೆಗಳಿಂದ ದೂರ ಸರಿದು, 1912ರಲ್ಲಿ ಕೇವಲ ಗಾಜಿನ ಕೃತಿಗಳ ಪ್ರದರ್ಶನ ಏರ್ಪಡಿಸಿದರು. ಒಂದೇ ಪ್ರತಿಯ ಒಡವೆಯಿಂದ ಅಚ್ಚಿನಲ್ಲಿ ನೂರಾರು ಪ್ರತಿ ತೆಗೆಯಬಹುದಾದ ಗಾಜಿಗೆ ಬಂದರೂ ಮೀನು, ಗಿಳಿ, ಮಿಡತೆಗಳು ಇವರನ್ನು ಬಿಡಲಿಲ್ಲ. 1935ರಲ್ಲಿ ಸಂಚಾರ ಆರಂಭಿಸಿದ ನಾರ್ಮಂಡಿ ಹಡಗಿನ ಭೋಜನಶಾಲೆಯ ದೀಪಾಲಂಕಾರವೂ ಇವರದೇ.

ಆಲ್ಸಾಸ್ ಪ್ರದೇಶದ ವಿಂಗೆನ್-ಸುರ್-ಮೊದೆರ್‌ನಲ್ಲಿ 1921ರಲ್ಲಿ ಸ್ಥಾಪಿಸಿದ ಕಾರ್ಖಾನೆ ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ವಶವಾಯಿತು. ಅದು ಮತ್ತೆ ಕೆಲಸ ಆರಂಭಿಸುವುದನ್ನು ನೋಡುವ ಮೊದಲೇ ಲಾಲಿಕ್ ಪ್ಯಾರಿಸ್ಸಿನಲ್ಲಿ ನಿಧನರಾದರು. ಮಗ ಮಾರ್ಕ್ ಕಾರ್ಖಾನೆಯನ್ನು ಮುಂದುವರಿಸಿದರು. ಅದೇ ಊರಿನಲ್ಲಿ 2011ರಲ್ಲಿ ಲಾಲಿಕ್ ವಸ್ತುಸಂಗ್ರಹಾಲಯ ತೆರೆಯಿತು.