ಅಂಗೈಯೇ ಕಣ್ಣು, ಅಂಗೈಯೇ ಕಿವಿ



ಭಗವಂತ ಮನುಷ್ಯನಿಗೆ ಐದು ಜ್ಞಾನೇಂದ್ರಿಯಗಳನ್ನು ಕರುಣಿಸಿದ್ದಾನೆ. ಕಣ್ಣಿಲ್ಲದವನಿಗೆ ಕಿವಿ ಆಸರೆ, ಕಿವಿ ಕೇಳದವನಿಗೆ ಕಣ್ಣು ಆಸರೆ. ಹಾನಗಲ್ಲ ಕುಮಾರ ಶಿವಯೋಗಿಗಳ ಕೃಪಾಛಾಯೆಯಲ್ಲಿ ಬೆಳೆದ ಅಂಧ ಬಾಲಕನು ಗದುಗಿನ ಪಂಚಾಕ್ಷರಿ ಗವಾಯಿಗಳಾಗಿ ನಾಡಿಗೆ ನಾದಾಮೃತ ಉಣಿಸಿದ್ದು ಕಿವಿಯ ಬಲದಿಂದ. ಆದರೆ ಎರಡೂ ಇಲ್ಲದವರ ಗತಿಯೇನು? ಹೆಬ್ಬಳ್ಳಿಯಂಥ ನಮ್ಮ ಊರುಗಳಲ್ಲಿ ಇಳಿವಯಸ್ಸಿನಲ್ಲಿ ಎರಡನ್ನೂ ಕಳೆದುಕೊಂಡು ಪಡಸಾಲೆಯ ಮೂಲೆ ಹಿಡಿದ ಹಿರಿಯರನ್ನು ಕಂಡಾಗ ನಮಗೆ ಹೆಲನ್ ಕೆಲ್ಲರ್ ಎಂಬ ಪುಣ್ಯಜೀವಿಯ ಚರಿತ್ರೆ ನೆನಪಾಗುತ್ತದೆ.

ಆಕೆ ಜನಿಸಿದ್ದು ಅಮೆರಿಕ ದೇಶದ ಅಲಬಾಮ ಪ್ರಾಂತದಲ್ಲಿ, 1880ರ ಜೂನ್ 27ರಂದು. 19 ತಿಂಗಳ ಕೂಸಾಗಿದ್ದಾಗ ಬಂದ ಬೇನೆ ಎರಡು ಕಣ್ಣನ್ನೂ ಎರಡು ಕಿವಿಯನ್ನೂ ಒಯ್ದಿತು. ಕೇಳದ ಕೂಸಿಗೆ ಮಾತೂ ಬರಲಿಲ್ಲ. ಮನಸ್ಸಿನಲ್ಲಿದ್ದುದನ್ನು ಹೇಳಲಾರದೆ ಚೀರುತ್ತಿತ್ತು, ಒದೆಯುತ್ತಿತ್ತು. ಅದು ಹಟವಲ್ಲ, ಒಳಗೆ ಸಿಕ್ಕಿಬಿದ್ದ ಜೀವದ ತಳಮಳ.

1887ರ ಮಾರ್ಚ್ 3ರಂದು ಗುರುವೇ ಮನೆಬಾಗಿಲಿಗೆ ಬಂದರು. ಹೆಸರು ಆನ್ ಸಲಿವನ್, ವಯಸ್ಸು ಇಪ್ಪತ್ತು. ಕಡುಬಡತನದಲ್ಲಿ ಬೆಳೆದು, ತಾವೇ ಕಣ್ಣುಬೇನೆ ಉಂಡವರು. ಅವರು ಕೂಸಿನ ಅಂಗೈಯಲ್ಲಿ ಬೆರಳುಗಳಿಂದ ಒಂದೊಂದೇ ಅಕ್ಷರ ಮೂಡಿಸತೊಡಗಿದರು. ಕೂಸು ಅದನ್ನು ಆಟವೆಂದೇ ಬಗೆಯಿತು. ತಿಂಗಳೊಪ್ಪತ್ತು ಕಳೆದ ಮೇಲೆ ಒಂದು ದಿನ ಗುರು ಅದರ ಒಂದು ಕೈಯನ್ನು ಪಂಪಿನ ನೀರಿಗೆ ಹಿಡಿದು, ಇನ್ನೊಂದು ಅಂಗೈಯಲ್ಲಿ ನೀರು ಎಂಬ ಪದ ಮೂಡಿಸಿದರು. ಆ ಕ್ಷಣದಲ್ಲಿ ಅರಿವಾಯಿತು, ಪ್ರತಿ ವಸ್ತುವಿಗೂ ಒಂದು ಹೆಸರಿದೆಯೆಂದು. ಅಂದೇ ಹತ್ತಾರು ಹೆಸರು ಕಲಿಯಿತು.

ಮುಂದೆ ಹೆಲನ್ ಉಬ್ಬು ಚುಕ್ಕೆಯ ಬ್ರೈಲ್ ಲಿಪಿ ಓದಿದರು. ಆಡುವವರ ತುಟಿ, ಗಂಟಲು ಮುಟ್ಟಿ ಮಾತು ತಿಳಿದರು. ಕಾಲೇಜಿನಲ್ಲಿ ಗುರು ಪಕ್ಕದಲ್ಲೇ ಕುಳಿತು ಪಾಠವನ್ನೆಲ್ಲ ಅಂಗೈಗೆ ಇಳಿಸಿದರು. 1904ರಲ್ಲಿ ಹೆಲನ್ ಪದವೀಧರೆಯಾದರು. ಮಾತಾಡಲು ಕಲಿತರೂ ಉಚ್ಚಾರ ಸ್ಪಷ್ಟವಾಗಲಿಲ್ಲವೆಂಬ ಕೊರಗು ಅವರಿಗೆ ಕೊನೆವರೆಗೂ ಇತ್ತು. ಆ ಕೊರಗು ಅವರನ್ನು ಕೂಡ್ರಿಸಲಿಲ್ಲ. ಗ್ರಂಥಗಳನ್ನು ಬರೆದರು, ಅಂಧರಿಗಾಗಿ ದೇಶ ದೇಶ ಸುತ್ತಿದರು. 1955ರಲ್ಲಿ, 74ರ ವಯಸ್ಸಿನಲ್ಲಿ, ನಮ್ಮ ಭಾರತಕ್ಕೂ ಬಂದರು. 1968ರ ಜೂನ್ 1ರಂದು ದೇಹ ಬಿಟ್ಟರು.

ಹೆಲನ್ನರ ಧೈರ್ಯ ದೊಡ್ಡದು. ಆದರೆ 1936ರಲ್ಲಿ ತೀರಿಕೊಳ್ಳುವವರೆಗೆ, 49 ವರ್ಷ ಆ ಅಂಗೈಯನ್ನು ಬಿಡದ ಗುರುವಿನ ಕೈ ಇರದಿದ್ದರೆ ಆ ಧೈರ್ಯಕ್ಕೆ ದಾರಿ ಎಲ್ಲಿತ್ತು? ಅಂಗೈಯಲ್ಲಿ ಇಷ್ಟಲಿಂಗ ಹಿಡಿಯುವ ನಮಗೆ ಅಂಗೈಯ ಮಹಿಮೆ ಹೊಸದಲ್ಲ.

ನಮ್ಮ ಮನೆಯ ಹಿರಿಯರಿಗೆ ಕಾಣದು, ಕೇಳದು ಎಂದು ವಯಸ್ಸನ್ನು ದೂರಿ ಸುಮ್ಮನಿರಬಾರದು. ಮೊದಲು ವೈದ್ಯರಿಗೆ ತೋರಿಸಬೇಕು; ಕಣ್ಣಿನ ಪೊರೆಯಾದರೆ ತೆಗೆಯಬಹುದು, ಕಿವಿಗೆ ಯಂತ್ರ ಹಾಕಿಸಬಹುದು. ಅದಕ್ಕೂ ಮೀರಿದ್ದಾದರೆ ಮುಟ್ಟಿ ಮಾತಾಡಬೇಕು. ಒಮ್ಮೆಲೇ ಎಳೆದು ಎಬ್ಬಿಸದೆ ಮೆಲ್ಲಗೆ ಭುಜ ಮುಟ್ಟಿ, ಬಂದವರು ಯಾರೆಂದು ಬಳೆಯನ್ನೋ ಉಂಗುರವನ್ನೋ ಮುಟ್ಟಿಸಿ ತಿಳಿಸಬೇಕು. ಊಟಕ್ಕೊಂದು, ನೀರಿಗೊಂದು, ಹೊರಗೆ ಹೋಗುವುದಕ್ಕೊಂದು ಗುರುತು ಅಂಗೈಯಲ್ಲಿ ರೂಢಿಸಬೇಕು. ಕೋಲು, ತಂಬಿಗೆ, ಹೊರಸು ದಿನವೂ ಇದ್ದಲ್ಲೇ ಇರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯೂ ಈ ಇಮ್ಮಡಿ ಕೊರತೆಯನ್ನು ಗುರುತಿಸಿದೆ.

ಅನ್ನ ಇಟ್ಟರೆ ಸೇವೆ ಮುಗಿಯಲಿಲ್ಲ. ಮೂಲೆಯಲ್ಲಿ ಕುಳಿತ ಹಿರಿಯರು ತಮ್ಮ ಅಂಗೈಗೆ ಬರುವ ಒಂದು ಕೈಯನ್ನು ಕಾಯುತ್ತಿದ್ದಾರೆ. ಇಂದು ಸಂಜೆ ಮನೆಗೆ ಹೋದ ಕೂಡಲೇ ಆ ಕೈ ನಮ್ಮದಾಗಲಿ.