ಆಗ್ನರ್ ಕ್ರಾರಪ್ ಎರ್ಲಾಂಗ್

ಆಗ್ನರ್ ಕ್ರಾರಪ್ ಎರ್ಲಾಂಗ್ (1 ಜನವರಿ 1878 – 3 ಫೆಬ್ರವರಿ 1929) ಡೆನ್ಮಾರ್ಕಿನ ಗಣಿತಜ್ಞರು, ಸಂಖ್ಯಾಶಾಸ್ತ್ರಜ್ಞರು ಹಾಗೂ ದೂರವಾಣಿ ಎಂಜಿನಿಯರ್. ಸರತಿ ಸಿದ್ಧಾಂತ ಮತ್ತು ದೂರಸಂಪರ್ಕ ದಟ್ಟಣೆಯ ಸಿದ್ಧಾಂತ ಎಂಬ ಎರಡು ಅಧ್ಯಯನ ಶಾಖೆಗಳಿಗೆ ಇವರು ಅಡಿಪಾಯ ಹಾಕಿದರು. ಕೆಲವೇ ತಂತಿಮಾರ್ಗಗಳನ್ನು ಬಹುಸಂಖ್ಯೆಯ ಚಂದಾದಾರರು ಹಂಚಿಕೊಂಡಾಗ ಎಷ್ಟು ಕರೆಗಳಿಗೆ ಮಾರ್ಗ ಸಿಗದೆ ಹೋಗುತ್ತದೆ, ಸಂಪರ್ಕಕ್ಕಾಗಿ ಎಷ್ಟು ಹೊತ್ತು ಕಾಯಬೇಕಾಗುತ್ತದೆ ಎಂಬುದನ್ನು ಮುಂಚಿತವಾಗಿ ಲೆಕ್ಕಹಾಕುವ ಸೂತ್ರಗಳನ್ನು ಇವರು ರೂಪಿಸಿದರು. ದೂರವಾಣಿ ದಟ್ಟಣೆಯನ್ನು ಅಳೆಯುವ ಅಂತಾರಾಷ್ಟ್ರೀಯ ಮಾನಕ್ಕೆ ಇವರ ಹೆಸರನ್ನೇ ಇಡಲಾಗಿದೆ. ಇಂದಿನ ಮೊಬೈಲ್ ಹಾಗೂ ಬ್ರಾಡ್‌ಬ್ಯಾಂಡ್ ಜಾಲಗಳ ಸಾಮರ್ಥ್ಯವನ್ನು ನಿರ್ಧರಿಸುವ ವಿಧಾನಗಳ ಮೂಲವೂ ಇವರ ಕೆಲಸದಲ್ಲಿದೆ.

ಬಾಲ್ಯ ಮತ್ತು ಶಿಕ್ಷಣ

ಎರ್ಲಾಂಗ್ ಅವರು ಡೆನ್ಮಾರ್ಕಿನ ಜಟ್ಲೆಂಡ್ ಪ್ರಾಂತ್ಯದ ಲೊನ್‌ಬೋರ್ಗ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಹಾನ್ಸ್ ನೀಲ್ಸೆನ್ ಎರ್ಲಾಂಗ್ ಆ ಊರಿನ ಶಾಲೆಯ ಉಪಾಧ್ಯಾಯರೂ ಚರ್ಚಿನ ಗುಮಾಸ್ತರೂ ಆಗಿದ್ದರು. ತಾಯಿ ಮ್ಯಾಗ್ಡಲೀನ್ ಕ್ರಾರಪ್ ಪಾದ್ರಿಗಳ ಮನೆತನಕ್ಕೆ ಸೇರಿದವರು. ತ್ರಿಕೋನಮಿತಿಯಲ್ಲಿ ಟ್ಯಾಂಜೆಂಟ್, ಸೀಕೆಂಟ್ ಎಂಬ ಹೆಸರುಗಳನ್ನು ಬಳಕೆಗೆ ತಂದ ಗಣಿತಜ್ಞ ಥಾಮಸ್ ಫಿಂಕೆ ಈ ಮನೆತನದ ಪೂರ್ವಜರಲ್ಲಿ ಒಬ್ಬರು. ಎರ್ಲಾಂಗ್ ಅವರಿಗೆ ಒಬ್ಬ ಅಣ್ಣ ಮತ್ತು ಇಬ್ಬರು ತಂಗಿಯರಿದ್ದರು. ಅಣ್ಣ ಪುಸ್ತಕ ಓದುತ್ತಿದ್ದಾಗ ಎದುರಿಗೆ ಕುಳಿತು ಅದನ್ನು ತಲೆಕೆಳಗಾಗಿಯೇ ಓದುವ ಅಭ್ಯಾಸ ಬಾಲಕ ಆಗ್ನರನಿಗಿತ್ತೆಂದು ಅವರ ಜೀವನಚರಿತ್ರೆಕಾರರು ದಾಖಲಿಸಿದ್ದಾರೆ. ಚಿಕ್ಕಂದಿನಲ್ಲಿ ಖಗೋಳಶಾಸ್ತ್ರ ಅವರ ಮೆಚ್ಚಿನ ವಿಷಯವಾಗಿತ್ತು.

ಪ್ರಾರಂಭಿಕ ಶಿಕ್ಷಣ ತಂದೆಯ ಶಾಲೆಯಲ್ಲಿ ನಡೆಯಿತು. ತಮ್ಮ 14ನೆಯ ವಯಸ್ಸಿನಲ್ಲಿ ಎರ್ಲಾಂಗ್ ಕೋಪನ್‌ಹೇಗನ್ನಿನಲ್ಲಿ ವಿಶ್ವವಿದ್ಯಾಲಯದ ಪ್ರಾಥಮಿಕ ಅರ್ಹತಾ ಪರೀಕ್ಷೆಗೆ ಕುಳಿತರು. ಪರೀಕ್ಷೆಗೆ ನಿಗದಿಯಾಗಿದ್ದ ವಯಸ್ಸು ತುಂಬಿರದ ಕಾರಣ ಇದಕ್ಕಾಗಿ ವಿಶೇಷ ಅನುಮತಿ ಪಡೆಯಬೇಕಾಯಿತು. ಉನ್ನತ ದರ್ಜೆಯಲ್ಲಿ ತೇರ್ಗಡೆಯಾದ ಅವರು ಊರಿಗೆ ಹಿಂದಿರುಗಿ ಎರಡು ವರ್ಷ ತಂದೆಯ ಶಾಲೆಯಲ್ಲಿಯೇ ಸಹಾಯಕ ಉಪಾಧ್ಯಾಯರಾಗಿದ್ದರು. ಈ ಅವಧಿಯಲ್ಲಿ ಫ್ರೆಂಚ್ ಮತ್ತು ಲ್ಯಾಟಿನ್ ಭಾಷೆಗಳನ್ನೂ ಕಲಿತರು. 1896ರಲ್ಲಿ ವಿದ್ಯಾರ್ಥಿವೇತನದ ನೆರವಿನಿಂದ ಕೋಪನ್‌ಹೇಗನ್ ವಿಶ್ವವಿದ್ಯಾಲಯವನ್ನು ಸೇರಿ, 1901ರಲ್ಲಿ ಗಣಿತವನ್ನು ಪ್ರಧಾನ ವಿಷಯವಾಗಿಯೂ ಖಗೋಳಶಾಸ್ತ್ರ, ಭೌತಶಾಸ್ತ್ರ, ರಸಾಯನಶಾಸ್ತ್ರಗಳನ್ನು ಉಪವಿಷಯಗಳಾಗಿಯೂ ಅಭ್ಯಾಸಮಾಡಿ ಸ್ನಾತಕೋತ್ತರ ಪದವಿ ಪಡೆದರು.

ಮುಂದಿನ ಏಳು ವರ್ಷಗಳ ಕಾಲ ಅವರು ಹಲವು ಶಾಲೆಗಳಲ್ಲಿ ಪಾಠ ಹೇಳಿದರು. ಬೋಧನೆಯ ನಡುವೆಯೂ ಗಣಿತದ ಅಧ್ಯಯನವನ್ನು ಕೈಬಿಡಲಿಲ್ಲ. ಹೈಗೆನ್ಸನ ಗಣಿತ ವಿಧಾನಗಳನ್ನು ಕುರಿತು ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧಕ್ಕೆ 1904ರಲ್ಲಿ ಮನ್ನಣೆ ದೊರೆಯಿತು.

ದೂರವಾಣಿ ಸಂಸ್ಥೆಗೆ ಪ್ರವೇಶ

ಡೆನ್ಮಾರ್ಕಿನ ಗಣಿತಜ್ಞರ ಸಂಘದ ಸಭೆಗಳಲ್ಲಿ ಎರ್ಲಾಂಗ್ ಅವರಿಗೆ ಯೋಹಾನ್ ಯೆನ್ಸೆನ್ ಅವರ ಪರಿಚಯವಾಯಿತು. ಗಣಿತದಲ್ಲಿ ತಮ್ಮ ಹೆಸರಿನ ಅಸಮಾನತೆಯಿಂದ ಇಂದಿಗೂ ಪ್ರಸಿದ್ಧರಾಗಿರುವ ಯೆನ್ಸೆನ್, ವೃತ್ತಿಯಿಂದ ಕೋಪನ್‌ಹೇಗನ್ ದೂರವಾಣಿ ಕಂಪನಿಯ ಮುಖ್ಯ ಎಂಜಿನಿಯರ್ ಆಗಿದ್ದರು. ಅವರು ಎರ್ಲಾಂಗ್ ಅವರನ್ನು ಕಂಪನಿಯ ವ್ಯವಸ್ಥಾಪಕ ನಿರ್ದೇಶಕ ಫ್ರಿಟ್ಸ್ ಯೋಹಾನ್ಸೆನ್ ಅವರಿಗೆ ಪರಿಚಯಿಸಿದರು. ಚಂದಾದಾರರು ಕಾಯುವ ಸಮಯದ ಪ್ರಶ್ನೆಗೆ ಸಂಭವನೀಯತೆಯ ಗಣಿತವನ್ನು ಅನ್ವಯಿಸುವ ಪ್ರಯತ್ನವನ್ನು ಯೋಹಾನ್ಸೆನ್ ಅದಾಗಲೇ ಆರಂಭಿಸಿದ್ದರು. 1908ರಲ್ಲಿ ಎರ್ಲಾಂಗ್ ಕಂಪನಿಯನ್ನು ಸೇರಿದರು ಮತ್ತು ಸಾಯುವವರೆಗೂ ಅಲ್ಲಿಯೇ ದುಡಿದರು.

ಸಂಸ್ಥೆಯ ಪ್ರಯೋಗಾಲಯದ ಹೊಣೆಯೂ ಅವರದಾಗಿತ್ತು. ಆರಂಭದಲ್ಲಿ ಪ್ರಯೋಗಾಲಯಕ್ಕೆ ಸಿಬ್ಬಂದಿ ಇರಲಿಲ್ಲವಾದ್ದರಿಂದ ಅಳತೆಯ ಕೆಲಸಗಳನ್ನೆಲ್ಲ ಅವರೇ ಮಾಡಬೇಕಾಗುತ್ತಿತ್ತು. ಭೂಗತ ಕೇಬಲ್‌ಗಳಿಗೆ ಹಾನಿಮಾಡುವ ಅಡ್ಡಾದಿಡ್ಡಿ ವಿದ್ಯುತ್ ಪ್ರವಾಹವನ್ನು ಅಳೆಯಲು, ಏಣಿ ಹೊತ್ತ ಒಬ್ಬ ಕೂಲಿಯಾಳಿನೊಂದಿಗೆ ಅವರು ಕೋಪನ್‌ಹೇಗನ್ನಿನ ಬೀದಿಗಳಲ್ಲಿ ಸಂಚರಿಸುತ್ತ ಮ್ಯಾನ್‌ಹೋಲ್‌ಗಳಿಗೆ ಇಳಿಯುತ್ತಿದ್ದರು. ಪರ್ಯಾಯ ವಿದ್ಯುತ್ತನ್ನು ಅಳೆಯುವ ಒಂದು ಉಪಕರಣವನ್ನೂ ಅವರು ರೂಪಿಸಿದರು.

ಅವರ ಮುಂದಿದ್ದ ಸಮಸ್ಯೆ

ಅಂದಿನ ವಿನಿಮಯ ಕೇಂದ್ರಗಳಲ್ಲಿ ಪ್ರತಿಯೊಂದು ಕರೆಯನ್ನೂ ಆಪರೇಟರ್ ಕೈಯಿಂದಲೇ ಜೋಡಿಸಬೇಕಿತ್ತು. ಒಂದು ಕೇಂದ್ರದಿಂದ ಇನ್ನೊಂದಕ್ಕೆ ಹಾದುಹೋಗುವ ಮಾರ್ಗಗಳ ಸಂಖ್ಯೆಯೂ ಮಿತವಾಗಿತ್ತು. ಚಂದಾದಾರರೆಲ್ಲರೂ ಏಕಕಾಲದಲ್ಲಿ ಮಾತನಾಡುವುದಿಲ್ಲವಾದ್ದರಿಂದ ಪ್ರತಿಯೊಬ್ಬರಿಗೂ ಪ್ರತ್ಯೇಕ ಮಾರ್ಗವನ್ನು ಮೀಸಲಿಡುವ ಅಗತ್ಯವಿರಲಿಲ್ಲ. ಹಾಗೆ ಮೀಸಲಿಟ್ಟರೆ ದೂರವಾಣಿಯ ಶುಲ್ಕ ಸಾಮಾನ್ಯರ ಕೈಗೆಟುಕುತ್ತಿರಲಿಲ್ಲ. ಮಾರ್ಗಗಳು ತೀರ ಕಡಿಮೆಯಾದರೆ, ಶುಲ್ಕ ಕೊಟ್ಟ ಚಂದಾದಾರನಿಗೆ ಅಗತ್ಯವಿದ್ದಾಗ ಸಂಪರ್ಕ ಸಿಗುತ್ತಿರಲಿಲ್ಲ. ಎಷ್ಟು ಮಾರ್ಗಗಳಿದ್ದರೆ ಸಾಕು ಎಂಬುದನ್ನು ಕಂಪನಿಗಳು ಅನುಭವದ ಅಂದಾಜಿನಿಂದ ತೀರ್ಮಾನಿಸುತ್ತಿದ್ದವು. ಸೇವೆ ನ್ಯಾಯವಾಗಿದೆಯೇ ಇಲ್ಲವೇ ಎಂದು ಹೇಳಲು ಚಂದಾದಾರನ ಬಳಿಯಲ್ಲಾಗಲಿ ಕಂಪನಿಯ ಬಳಿಯಲ್ಲಾಗಲಿ ಖಚಿತವಾದ ಅಳತೆಗೋಲು ಇರಲಿಲ್ಲ.

ಪ್ರಮುಖ ಕೃತಿಗಳು

ಎರ್ಲಾಂಗ್ ಅವರ ಮೊದಲ ಮಹತ್ವದ ಲೇಖನ 1909ರಲ್ಲಿ ಡ್ಯಾನಿಷ್ ಗಣಿತ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಸಂಭವನೀಯತಾ ಸಿದ್ಧಾಂತ ಮತ್ತು ದೂರವಾಣಿ ಸಂಭಾಷಣೆಗಳು ಅದರ ವಿಷಯ. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಬಹುಸಂಖ್ಯೆಯ ಜನರು ತಮಗೆ ಬೇಕಾದಾಗ ಕರೆಮಾಡುತ್ತಿದ್ದರೆ, ನಿರ್ದಿಷ್ಟ ಅವಧಿಯಲ್ಲಿ ಬರುವ ಕರೆಗಳ ಸಂಖ್ಯೆಯು ಪ್ವಾಸೋನ್ ವಿತರಣೆಯನ್ನು ಅನುಸರಿಸುತ್ತದೆ ಎಂದು ಅವರು ಇದರಲ್ಲಿ ತೋರಿಸಿದರು. ಯಾವ ವ್ಯಕ್ತಿ ಯಾವಾಗ ಕರೆಮಾಡುತ್ತಾನೆಂದು ಹೇಳಲಾಗದಿದ್ದರೂ ಒಟ್ಟು ಸಮೂಹದ ವರ್ತನೆಯನ್ನು ಲೆಕ್ಕಕ್ಕೆ ತರಬಹುದೆಂಬುದು ಇದರ ಸಾರ.

1917ರಲ್ಲಿ ಪ್ರಕಟವಾದ ಲೇಖನ ಅವರ ಅತ್ಯಂತ ಪ್ರಸಿದ್ಧ ಕೃತಿ. ಸ್ವಯಂಚಾಲಿತ ವಿನಿಮಯ ಕೇಂದ್ರಗಳಿಗೆ ಸಂಬಂಧಿಸಿದ ಸಂಭವನೀಯತೆಯ ಸಮಸ್ಯೆಗಳನ್ನು ಇದರಲ್ಲಿ ಬಿಡಿಸಲಾಗಿದೆ. ಇಂದು ಎರ್ಲಾಂಗ್-ಬಿ, ಎರ್ಲಾಂಗ್-ಸಿ ಎಂದು ಕರೆಯುವ ಸೂತ್ರಗಳ ಮೂಲ ಈ ಲೇಖನ. ಮಾರ್ಗಗಳೆಲ್ಲವೂ ತುಂಬಿದ್ದಾಗ ಬಂದ ಕರೆಯನ್ನು ತಿರಸ್ಕರಿಸುವ ವ್ಯವಸ್ಥೆಗೆ ಮೊದಲನೆಯದು ಅನ್ವಯಿಸುತ್ತದೆ. ತಿರಸ್ಕೃತವಾಗುವ ಕರೆಗಳ ಪ್ರಮಾಣ ಎಷ್ಟೆಂದು ಅದು ಹೇಳುತ್ತದೆ. ಬಂದ ಕರೆಯನ್ನು ಸರತಿಯಲ್ಲಿ ನಿಲ್ಲಿಸುವ ವ್ಯವಸ್ಥೆಗೆ ಎರಡನೆಯದು ಅನ್ವಯಿಸುತ್ತದೆ. ಕಾಯಬೇಕಾಗಿ ಬರುವ ಸಾಧ್ಯತೆ ಎಷ್ಟೆಂದು ಅದು ತಿಳಿಸುತ್ತದೆ.

ಅವರ ಲೇಖನಗಳಲ್ಲಿ ಹಲವು ಇಂಗ್ಲಿಷ್, ಫ್ರೆಂಚ್ ಮತ್ತು ಜರ್ಮನ್ ಭಾಷೆಗಳಿಗೆ ಅನುವಾದಗೊಂಡವು. ಬ್ರಿಟನ್ನಿನ ಅಂಚೆ ಇಲಾಖೆಯು ತನ್ನ ದೂರವಾಣಿ ಕೇಂದ್ರಗಳ ಸಾಮರ್ಥ್ಯವನ್ನು ನಿರ್ಧರಿಸಲು ಅವರ ಸೂತ್ರವನ್ನು ಅಳವಡಿಸಿಕೊಂಡಿತು. ಬರವಣಿಗೆಯಲ್ಲಿ ಅವರದು ಅತಿ ಸಂಕ್ಷಿಪ್ತ ಶೈಲಿ. ಅನೇಕ ಕಡೆ ಸಾಧನೆಯ ವಿವರಗಳನ್ನು ಬಿಟ್ಟು ಫಲಿತಾಂಶವನ್ನಷ್ಟೇ ಕೊಡುತ್ತಿದ್ದುದರಿಂದ, ಅವರ ಲೇಖನಗಳನ್ನು ಅರ್ಥಮಾಡಿಕೊಳ್ಳುವುದು ಇತರರಿಗೆ ಸುಲಭವಾಗಿರಲಿಲ್ಲ.

ಸೂತ್ರಗಳ ತಾತ್ಪರ್ಯ

ಒಂದು ಮಾರ್ಗವು ಒಂದು ಗಂಟೆಯ ಕಾಲ ಬಿಡುವಿಲ್ಲದೆ ಬಳಕೆಯಲ್ಲಿದ್ದರೆ ಅದು ಹೊತ್ತ ದಟ್ಟಣೆಯನ್ನು ಒಂದು ಎರ್ಲಾಂಗ್ ಎನ್ನುತ್ತಾರೆ. ಒಂದು ಗಂಟೆಯಲ್ಲಿ ತಲಾ ಮೂರು ನಿಮಿಷಗಳ 20 ಕರೆಗಳು ನಡೆದರೂ ದಟ್ಟಣೆ ಒಂದು ಎರ್ಲಾಂಗ್ ಆಗುತ್ತದೆ.

ಹತ್ತು ಎರ್ಲಾಂಗ್ ದಟ್ಟಣೆಗೆ ಹತ್ತು ಮಾರ್ಗಗಳು ಸಾಕೆಂದು ಮೇಲ್ನೋಟಕ್ಕೆ ಅನ್ನಿಸಬಹುದು. ಎರ್ಲಾಂಗ್-ಬಿ ಸೂತ್ರದ ಪ್ರಕಾರ ಹತ್ತೇ ಮಾರ್ಗಗಳಿದ್ದರೆ ಶೇಕಡಾ 21ರಷ್ಟು ಕರೆಗಳಿಗೆ ಮಾರ್ಗ ಸಿಗುವುದಿಲ್ಲ. ಕರೆಗಳು ಸಮನಾದ ಅಂತರದಲ್ಲಿ ಬರದೆ ಒಮ್ಮೆ ಗುಂಪಾಗಿಯೂ ಒಮ್ಮೆ ವಿರಳವಾಗಿಯೂ ಬರುವುದೇ ಇದಕ್ಕೆ ಕಾರಣ. ವಿಫಲವಾಗುವ ಕರೆಗಳನ್ನು ಶೇಕಡಾ ಒಂದಕ್ಕಿಂತ ಕೆಳಗಿಡಲು 18 ಮಾರ್ಗಗಳು ಬೇಕು.

ಈ ಸೂತ್ರದಿಂದ ಜಾಲದ ನಿರ್ವಹಣೆಗೆ ಮುಖ್ಯವಾದ ಇನ್ನೆರಡು ಸಂಗತಿಗಳು ತಿಳಿಯುತ್ತವೆ. ಮೊದಲನೆಯದು, ಹಂಚಿಕೆಯ ಲಾಭ. ನೂರು ಎರ್ಲಾಂಗ್ ದಟ್ಟಣೆಯನ್ನು ಹತ್ತು ಪ್ರತ್ಯೇಕ ಗುಂಪುಗಳಾಗಿ ವಿಂಗಡಿಸಿದರೆ ಒಟ್ಟು 180 ಮಾರ್ಗಗಳು ಬೇಕಾಗುತ್ತವೆ. ಅದನ್ನೇ ಒಂದು ಗುಂಪಾಗಿ ನಿರ್ವಹಿಸಿದರೆ, ವಿಫಲ ಕರೆಗಳ ಪ್ರಮಾಣವನ್ನು ಶೇಕಡಾ ಒಂದರೊಳಗೇ ಇಟ್ಟುಕೊಂಡು 117 ಮಾರ್ಗಗಳಲ್ಲಿ ಸಾಗಿಸಬಹುದು. ಎರಡನೆಯದು, ಮಿತಿಮೀರಿದ ಹೊರೆಯ ಅಪಾಯ. ಹತ್ತು ಎರ್ಲಾಂಗ್ ದಟ್ಟಣೆಯ 18 ಮಾರ್ಗಗಳಲ್ಲಿ ಸಾವಿರಕ್ಕೆ ಸುಮಾರು ಏಳು ಕರೆಗಳು ವಿಫಲವಾಗುತ್ತವೆ. ದಟ್ಟಣೆ ಐದನೇ ಒಂದರಷ್ಟು ಹೆಚ್ಚಿ 12 ಎರ್ಲಾಂಗ್ ಆದರೆ ವಿಫಲ ಕರೆಗಳು ಸಾವಿರಕ್ಕೆ 26ನ್ನು ಮೀರುತ್ತವೆ. ಮಾರ್ಗಗಳನ್ನು ಹೆಚ್ಚಿಸದೆ ಚಂದಾದಾರರನ್ನು ಮಾತ್ರ ಹೆಚ್ಚಿಸಿಕೊಳ್ಳುವ ಸಂಸ್ಥೆಯ ಸೇವೆ ಬಹುಬೇಗ ಹದಗೆಡುವುದಕ್ಕೆ ಕಾರಣ ಇದೇ.

ವ್ಯಕ್ತಿತ್ವ ಮತ್ತು ಕೊನೆಯ ದಿನಗಳು

ಎರ್ಲಾಂಗ್ ಅವರು ವಿವಾಹವಾಗಲಿಲ್ಲ. ದೈವಭಕ್ತರೂ ಮಿತಭಾಷಿಗಳೂ ಆಗಿದ್ದ ಅವರು ಬಿಡುವಿನ ವೇಳೆಯನ್ನು ಓದಿನಲ್ಲಿ ಕಳೆಯುತ್ತಿದ್ದರು. ಗಣಿತ, ಖಗೋಳಶಾಸ್ತ್ರ ಮತ್ತು ಭೌತಶಾಸ್ತ್ರದ ದೊಡ್ಡ ಗ್ರಂಥಸಂಗ್ರಹ ಅವರಲ್ಲಿತ್ತು. ಸಹಾಯ ಕೇಳಿಕೊಂಡು ಪ್ರಯೋಗಾಲಯಕ್ಕೆ ಬರುತ್ತಿದ್ದ ಬಡವರಿಗೆ ಅವರು ಯಾರಿಗೂ ತಿಳಿಯದಂತೆ ನೆರವಾಗುತ್ತಿದ್ದರು. ಬ್ರಿಟನ್ನಿನ ವಿದ್ಯುತ್ ಎಂಜಿನಿಯರುಗಳ ಸಂಸ್ಥೆಯ ಸದಸ್ಯತ್ವವೂ ಅವರಿಗಿತ್ತು.

ಕಂಪನಿಯಲ್ಲಿ ಸುಮಾರು ಇಪ್ಪತ್ತು ವರ್ಷ ದುಡಿದ ಅವರು ಅನಾರೋಗ್ಯದ ಕಾರಣ ಕೆಲಸಕ್ಕೆ ಗೈರುಹಾಜರಾದವರಲ್ಲ. 1929ರ ಜನವರಿಯಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆಗಾಗಿ ಆಸ್ಪತ್ರೆಗೆ ಸೇರಿದರು. ಚೇತರಿಸಿಕೊಳ್ಳದೆ ಫೆಬ್ರವರಿ 3ರಂದು, ತಮ್ಮ 51ನೆಯ ವಯಸ್ಸಿನಲ್ಲಿ ನಿಧನರಾದರು.

ಇಂದಿನ ಜಾಲಗಳಲ್ಲಿ ಪ್ರಸ್ತುತತೆ

ಬ್ರಾಡ್‌ಬ್ಯಾಂಡ್ ಸಂಸ್ಥೆಗಳು ಕೂಡ ಹಂಚಿಕೆಯ ತತ್ತ್ವದ ಮೇಲೆಯೇ ನಡೆಯುತ್ತವೆ. ಚಂದಾದಾರರೆಲ್ಲರ ವೇಗವನ್ನು ಕೂಡಿಸಿದರೆ ಬರುವ ಮೊತ್ತವು ಸಂಸ್ಥೆಯ ಮುಖ್ಯ ಸಂಪರ್ಕದ ಸಾಮರ್ಥ್ಯಕ್ಕಿಂತ ಸಾಮಾನ್ಯವಾಗಿ ಬಹಳ ಹೆಚ್ಚಾಗಿರುತ್ತದೆ. ಸಂಜೆಯ ಅತಿ ದಟ್ಟಣೆಯ ವೇಳೆಯನ್ನು ಅಳೆದು, ಅದಕ್ಕೆ ತಕ್ಕ ಸಾಮರ್ಥ್ಯವನ್ನು ಒದಗಿಸಿದಾಗ ಮಾತ್ರ ಈ ಹಂಚಿಕೆ ನ್ಯಾಯವಾಗಿರುತ್ತದೆ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು (ಟ್ರಾಯ್) 2006ರಲ್ಲಿ ಹೊರಡಿಸಿದ ಬ್ರಾಡ್‌ಬ್ಯಾಂಡ್ ಗುಣಮಟ್ಟದ ನಿಯಮಗಳು, ದಟ್ಟಣೆಯ ವೇಳೆಯಲ್ಲಿ ಸಂಪರ್ಕಗಳ ಬಳಕೆಯು ಅವುಗಳ ಸಾಮರ್ಥ್ಯದ ಶೇಕಡಾ 80ಕ್ಕಿಂತ ಕಡಿಮೆಯಿರಬೇಕೆಂದು ವಿಧಿಸಿದ್ದವು. ಜಾಲ ತುಂಬಿದಾಗ ಯಾರ ದಟ್ಟಣೆಗೆ ಆದ್ಯತೆ ನೀಡಬೇಕೆಂಬುದು ಇದರ ಮುಂದಿನ ಪ್ರಶ್ನೆ. 2018ರಲ್ಲಿ ಭಾರತ ಸರ್ಕಾರವು ಅಂಗೀಕರಿಸಿದ ಜಾಲ ತಟಸ್ಥತೆಯ ತತ್ತ್ವಗಳು, ಅಂತರಜಾಲದ ವಿಷಯಗಳ ನಡುವೆ ತಾರತಮ್ಯವನ್ನು ನಿಷೇಧಿಸಿ, ಮಿತವೂ ಪಾರದರ್ಶಕವೂ ಆದ ದಟ್ಟಣೆ ನಿರ್ವಹಣೆಗೆ ಅವಕಾಶ ನೀಡುತ್ತವೆ.

ಜಾಲದ ಸುರಕ್ಷತೆಗೂ ಎರ್ಲಾಂಗ್ ಅವರ ಚಿಂತನೆ ಸಂಬಂಧಿಸಿದೆ. ಸರ್ವರ್ ಒಂದಕ್ಕೆ ಹುಸಿ ಕೋರಿಕೆಗಳ ಮಹಾಪೂರವನ್ನು ಹರಿಸಿ, ನಿಜವಾದ ಬಳಕೆದಾರರಿಗೆ ಸೇವೆ ಸಿಗದಂತೆ ಮಾಡುವ ದಾಳಿಗಳು ವ್ಯವಸ್ಥೆಯ ಸೀಮಿತ ಸ್ಥಾನಗಳನ್ನು ಆಕ್ರಮಿಸಿಕೊಳ್ಳುತ್ತವೆ. ಬರುವ ಹೊರೆಯು ಸಾಮರ್ಥ್ಯವನ್ನು ಮೀರಿದರೆ ಸರತಿಯು ಎಂದೂ ಕರಗದೆ ಬೆಳೆಯುತ್ತ ಹೋಗುತ್ತದೆ ಎಂಬುದು ಸರತಿ ಸಿದ್ಧಾಂತದ ಮೊದಲ ಪಾಠಗಳಲ್ಲೊಂದು. ಆದ್ದರಿಂದಲೇ ಇಂತಹ ದಟ್ಟಣೆಯನ್ನು ಸರ್ವರಿಗೆ ತಲಪುವ ಮೊದಲೇ ಶೋಧಿಸಿ ತಡೆಯಲಾಗುತ್ತದೆ.

ಅವರ ಸೂತ್ರಗಳಿಗೆ ಮಿತಿಗಳೂ ಇವೆ. ಒಬ್ಬರ ಕರೆಗೂ ಇನ್ನೊಬ್ಬರ ಕರೆಗೂ ಸಂಬಂಧವಿಲ್ಲವೆಂಬ ಕಲ್ಪನೆ ಅವುಗಳ ತಳಹದಿ. ವಿಫಲವಾದ ಕರೆಯನ್ನು ಚಂದಾದಾರರು ಮತ್ತೆ ಮತ್ತೆ ಪ್ರಯತ್ನಿಸಿದಾಗ ಅಥವಾ ವಿಪತ್ತಿನ ವೇಳೆ ಎಲ್ಲರೂ ಒಮ್ಮೆಲೇ ಕರೆಮಾಡಿದಾಗ ಆ ಕಲ್ಪನೆ ಮುರಿದುಬೀಳುತ್ತದೆ. ಕಂಪ್ಯೂಟರ್ ಜಾಲಗಳ ದತ್ತಾಂಶ ದಟ್ಟಣೆಯು ದೂರವಾಣಿ ಕರೆಗಳಂತೆ ವರ್ತಿಸದೆ, ಕಿರಿದಾದ ಮತ್ತು ದೀರ್ಘವಾದ ಕಾಲಾವಧಿಗಳೆರಡರಲ್ಲೂ ಒಂದೇ ಬಗೆಯ ಏರಿಳಿತಗಳನ್ನು ತೋರುತ್ತದೆ ಎಂದು 1990ರ ದಶಕದಲ್ಲಿ ಅಮೆರಿಕದ ಸಂಶೋಧಕರು ಕಂಡುಕೊಂಡರು. ಹೀಗಾಗಿ ದತ್ತಾಂಶ ಜಾಲಗಳಿಗೆ ಎರ್ಲಾಂಗ್ ಸೂತ್ರಗಳನ್ನು ನೇರವಾಗಿ ಅನ್ವಯಿಸಲಾಗದು. ಹೊರೆಯನ್ನು ಅಳೆದು, ವೈಫಲ್ಯದ ಮಿತಿಯನ್ನು ಮೊದಲೇ ನಿಗದಿಪಡಿಸಿ, ಅದಕ್ಕೆ ತಕ್ಕ ಸಾಮರ್ಥ್ಯವನ್ನು ಒದಗಿಸುವ ಅವರ ವಿಧಾನ ಮಾತ್ರ ಇಂದಿಗೂ ಬಳಕೆಯಲ್ಲಿದೆ.

ಸ್ಮರಣೆ

1946ರಲ್ಲಿ ಅಂತಾರಾಷ್ಟ್ರೀಯ ದೂರವಾಣಿ ಸಲಹಾ ಸಮಿತಿಯು ದಟ್ಟಣೆಯ ಮಾನಕ್ಕೆ ಎರ್ಲಾಂಗ್ ಎಂಬ ಹೆಸರನ್ನು ಅಂಗೀಕರಿಸಿತು. 1948ರಲ್ಲಿ ಅವರ ಜೀವನ ಮತ್ತು ಕೃತಿಗಳನ್ನು ಒಳಗೊಂಡ ಸಂಪುಟವೊಂದು ಕೋಪನ್‌ಹೇಗನ್ನಿನಲ್ಲಿ ಇಂಗ್ಲಿಷ್ ಭಾಷೆಯಲ್ಲಿ ಪ್ರಕಟವಾಯಿತು. ಸಂಖ್ಯಾಶಾಸ್ತ್ರದ ಒಂದು ಸಂಭವನೀಯತಾ ವಿತರಣೆಗೂ ಅವರ ಹೆಸರಿದೆ. 1980ರ ದಶಕದಲ್ಲಿ ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯಲ್ಲಿ, ಏಕಕಾಲದಲ್ಲಿ ಅಸಂಖ್ಯ ಕರೆಗಳನ್ನು ನಿಭಾಯಿಸುವ ವಿನಿಮಯ ಕೇಂದ್ರಗಳಿಗಾಗಿ ರೂಪುಗೊಂಡ ಪ್ರೋಗ್ರಾಮಿಂಗ್ ಭಾಷೆಗೂ ಎರ್ಲಾಂಗ್ ಎಂದೇ ಹೆಸರಿಡಲಾಯಿತು. ಗ್ರಾಹಕ ಸೇವಾ ಕೇಂದ್ರಗಳಲ್ಲಿ ಒಂದು ಪಾಳಿಗೆ ಎಷ್ಟು ಸಿಬ್ಬಂದಿ ಬೇಕೆಂದು ನಿರ್ಧರಿಸಲು ಎರ್ಲಾಂಗ್-ಸಿ ಸೂತ್ರವನ್ನು ಈಗಲೂ ಬಳಸಲಾಗುತ್ತಿದೆ.