ಮಕ್ಕಳ ನ್ಯಾಯಾಲಯದೆದುರು ನಿಂತ ವೈದ್ಯರು: ಯಾನುಶ್ ಕೊರ್ಚಾಕ್

ಪೋಲೆಂಡಿನ ವಾರ್ಸಾ ನಗರದ ಯಹೂದಿ ಮನೆತನವೊಂದರಲ್ಲಿ ಹುಟ್ಟಿದ ಹೆನ್ರಿಕ್ ಗೋಲ್ಡ್‌ಶ್ಮಿತ್ ಅವರ ಜನ್ಮವರ್ಷ 1878 ಅಥವಾ 1879. ವಕೀಲರಾಗಿದ್ದ ತಂದೆ ಸಕಾಲದಲ್ಲಿ ಜನನವನ್ನು ನೋಂದಾಯಿಸಲಿಲ್ಲವಾಗಿ ಅದು ಇಂದಿಗೂ ಖಚಿತವಾಗಿಲ್ಲ. ಐದರ ಹರೆಯದಲ್ಲಿ ತಾವು ಸಾಕಿದ ಕ್ಯಾನರಿ ಹಕ್ಕಿ ಸತ್ತಾಗ ಅವರು ಅದರ ಗೋರಿಯ ಮೇಲೆ ಶಿಲುಬೆಯೊಂದನ್ನು ನೆಡಹೊರಟರು. ಕಾವಲುಗಾರನ ಮಗನು ತಡೆದು, ಹಕ್ಕಿಯೂ ಯಹೂದಿ, ಅದರ ಒಡೆಯನೂ ಯಹೂದಿ ಎಂದು ತಿಳಿಯಹೇಳಿದನು. ತಾನು ಹೊರಗಿನವನೆಂಬ ಅರಿವು ಆ ಬಾಲಕನಿಗೆ ಮೂಡಿದ್ದು ಹೀಗೆ, ಇನ್ನೊಬ್ಬ ಬಾಲಕನ ಬಾಯಿಂದ.

1898ರ ಸಾಹಿತ್ಯ ಸ್ಪರ್ಧೆಯೊಂದಕ್ಕೆ ಇಟ್ಟುಕೊಂಡ ಯಾನುಶ್ ಕೊರ್ಚಾಕ್ ಎಂಬ ಕಾವ್ಯನಾಮವೇ ಮುಂದೆ ಲೋಕಪ್ರಸಿದ್ಧವಾಯಿತು. ವೈದ್ಯ ಪದವಿ ಪಡೆದು ಮಕ್ಕಳ ಆಸ್ಪತ್ರೆಯಲ್ಲಿ ದುಡಿದು ಹೆಸರಾದ ಅವರು, ಬೆಳೆಯುತ್ತಿದ್ದ ವೃತ್ತಿಯನ್ನು ಬದಿಗಿರಿಸಿ 1912ರಲ್ಲಿ ಕ್ರೊಖ್ಮಾಲ್ನಾ ಬೀದಿಯ ಯಹೂದಿ ಅನಾಥಾಲಯದ ಹೊಣೆ ಹೊತ್ತರು. ಸ್ತೆಫಾನಿಯಾ ವಿಲ್ಚಿನ್‌ಸ್ಕಾ ಎಂಬ ಮಹಿಳೆ ಅವರ ಜೊತೆಗಿದ್ದರು. ದಿನದಿನದ ಸಂಸಾರವನ್ನು ನಡೆಸಿದ್ದು ಬಹುಮಟ್ಟಿಗೆ ಆಕೆಯೇ. ಚರಿತ್ರೆಯಲ್ಲಿ ಆಕೆಗೆ ದೊರೆತ ಸ್ಥಳ ಕಿರಿದು.

ಮನುಷ್ಯನು ದೇವರ ಪ್ರತಿರೂಪದಲ್ಲಿ ಸೃಷ್ಟಿಯಾದನೆಂಬುದು ಯಹೂದಿ ಧರ್ಮಗ್ರಂಥದ ಮೊದಲ ಅಧ್ಯಾಯದ ಆಶಯ. ಒಬ್ಬನನ್ನು ನಾಲ್ವರೆದುರು ಅವಮಾನಿಸುವುದು ರಕ್ತ ಹರಿಸಿದುದಕ್ಕೆ ಸಮಾನವೆಂದು ತಾಲ್ಮುದ್ ಎಣಿಸುತ್ತದೆ. ಕೊರ್ಚಾಕ್ ಸಂಪ್ರದಾಯನಿಷ್ಠರಾಗಿರಲಿಲ್ಲ. ಆದರೂ ಈ ಮೌಲ್ಯಕ್ಕೆ ಅವರಷ್ಟು ಖಚಿತವಾದ ಆಕಾರವನ್ನು ಕೊಟ್ಟವರು ವಿರಳ. ಅವರು ಅದನ್ನು ಬೋಧಿಸುತ್ತ ಕೂರಲಿಲ್ಲ. ಅನಾಥಾಲಯದ ಕಾನೂನಾಗಿ ಬರೆದರು. ಅಲ್ಲಿ ಮಕ್ಕಳದೇ ನ್ಯಾಯಾಲಯವಿತ್ತು. ಆ ವಾರ ಯಾವ ದೂರಿಗೂ ಸಿಲುಕದ ಮಕ್ಕಳ ನಡುವೆ ಚೀಟಿಯೆತ್ತಿ ಐವರು ನ್ಯಾಯಾಧೀಶರನ್ನು ಆರಿಸುತ್ತಿದ್ದರು. ನ್ಯಾಯಸಂಹಿತೆಯ ಮೊದಲ 99 ವಿಧಿಗಳೂ ಕ್ಷಮೆಗೆ ಸಂಬಂಧಿಸಿದವು. ಅನಾಥಾಲಯದಿಂದ ಹೊರಹಾಕುವ ವಿಧಿಯ ಸಂಖ್ಯೆ 1000! ಶಿಕ್ಷಕರ ಮೇಲೂ ದೂರು ಕೊಡಬಹುದಿತ್ತು. ಸ್ವತಃ ಕೊರ್ಚಾಕ್ ಆರು ತಿಂಗಳಲ್ಲಿ ಐದು ಬಾರಿ ಆರೋಪಿಯಾದರು. ಹುಡುಗನೊಬ್ಬನಿಗೆ ಹೊಡೆದುದು, ಹುಡುಗಿಯೊಬ್ಬಳ ಮೇಲೆ ಕಳ್ಳತನದ ಸಂಶಯ ಪಟ್ಟುದು ಆ ಆರೋಪಗಳಲ್ಲಿ ಸೇರಿದ್ದವು. ಆ ವಿಚಾರಣೆಗಳಿಂದಲೇ ತಾವು ಶಿಕ್ಷಕರಾಗಿ ರೂಪುಗೊಂಡುದಾಗಿ ಅವರು ಬರೆದಿದ್ದಾರೆ. ಹೊಸದಾಗಿ ಬಂದ ಮಗುವಿಗೆ ಹಿರಿಯ ಮಗುವೊಂದು ಮೂರು ತಿಂಗಳು ಪೋಷಕನಾಗಿರಬೇಕೆಂಬ ಕಟ್ಟಳೆಯೂ ಅಲ್ಲಿತ್ತು.

1926ರಲ್ಲಿ ಅವರು ಮಕ್ಕಳೇ ಬರೆಯುವ ಪತ್ರಿಕೆಯೊಂದನ್ನು ಆರಂಭಿಸಿದರು. ಮುಂದೆ ಬಾನುಲಿಯಲ್ಲಿ ಮುದಿ ಡಾಕ್ಟರ್ ಎಂಬ ಹೆಸರಿನಿಂದ ಮಾತನಾಡಿ ಪೋಲೆಂಡಿನ ಮನೆಮಾತಾದರು. ಯಹೂದಿಯ ನಿಜನಾಮವನ್ನು ಪ್ರಸಾರ ಮಾಡಲು ಬಾನುಲಿಯವರು ಹಿಂಜರಿದುದೇ ಆ ಮುಸುಕುಹೆಸರಿಗೆ ಕಾರಣ. 1936ರಲ್ಲಿ ಕಾರ್ಯಕ್ರಮವೇ ನಿಂತಿತು.

1940ರಲ್ಲಿ ನಾಜಿಗಳು ಅನಾಥಾಲಯವನ್ನು ಗೆಟ್ಟೋದೊಳಗೆ, ಎಂದರೆ ಯಹೂದಿಗಳನ್ನು ಕೂಡಿಹಾಕಿದ ಗೋಡೆಯೊಳಗಣ ಕೇರಿಗೆ, ತಳ್ಳಿದರು. ದಾರಿಯಲ್ಲಿ ಮಕ್ಕಳ ಆಲೂಗಡ್ಡೆಯ ಗಾಡಿಯನ್ನು ಕಸಿದುಕೊಂಡಾಗ, ಕೊರ್ಚಾಕ್ ಯಹೂದಿಗಳಿಗೆ ಕಡ್ಡಾಯವಾಗಿದ್ದ ತೋಳುಪಟ್ಟಿಯನ್ನು ಕಟ್ಟದೆ ಹೋಗಿ ಪ್ರತಿಭಟಿಸಿ ಸೆರೆಮನೆ ಸೇರಿದರು.

1942ರ ಜುಲೈ 18ರಂದು ಆ ಹಸಿದ ಮಕ್ಕಳು ನಾಟಕವೊಂದನ್ನು ಆಡಿದರು. ಅದು ನಮ್ಮ ರವೀಂದ್ರನಾಥ ಠಾಕೂರರ ಡಾಕ್‌ಘರ್, ಅಂಚೆಮನೆ. ಕೋಣೆಯೊಳಗೆ ಬಂಧಿಯಾದ ರೋಗಿ ಬಾಲಕ ಅಮಲ್ ಕಿಟಕಿಯ ಬಳಿ ಕುಳಿತು ರಾಜನ ಓಲೆಗಾಗಿ ಕಾಯುವ ಕಥೆ. ಮರಣವನ್ನು ಅಂಜದೆ ಎದುರುಗೊಳ್ಳಲು ಮಕ್ಕಳು ಕಲಿಯಲೆಂದು ಕೊರ್ಚಾಕ್ ಆ ಕೃತಿಯನ್ನು ಆರಿಸಿದರೆಂದು ಹೇಳುವುದುಂಟು. ಬಂಗಾಳದಲ್ಲಿ ಹುಟ್ಟಿದ ಅಮಲ್ ವಾರ್ಸಾದ ಗೋಡೆಗಳ ನಡುವೆ ಪಡೆದ ಅರ್ಥವನ್ನು ನಾಟಕ ಓದುವ ನಾವು ನೆನೆಯಬೇಕು.

ಮೂರು ವಾರವೂ ಕಳೆಯಲಿಲ್ಲ. ಆಗಸ್ಟ್ ಮೊದಲ ವಾರದಲ್ಲಿ ಸೈನಿಕರು ಬಂದರು. ಪಾರಾಗುವ ಅವಕಾಶಗಳು ಕೊರ್ಚಾಕರಿಗೆ ಹಲವು ಬಾರಿ ಒದಗಿದ್ದವು, ಅವರು ಒಪ್ಪಿರಲಿಲ್ಲ. ಸುಮಾರು 200 ಮಕ್ಕಳು, ಸ್ತೆಫಾನಿಯಾ, ಇತರ ಸಿಬ್ಬಂದಿ, ಎಲ್ಲರೊಡನೆ ರೈಲು ನಿಲ್ದಾಣಕ್ಕೆ ನಡೆದರು. ಟ್ರೆಬ್ಲಿಂಕಾ ಮರಣಶಿಬಿರದಿಂದ ಅವರಲ್ಲಿ ಯಾರೂ ಮರಳಲಿಲ್ಲ.

ಇಂದು ಆ ಸ್ಥಳದಲ್ಲಿ ಸುಮಾರು 17,000 ಸ್ಮಾರಕಶಿಲೆಗಳಿವೆ. ಹಲವುಗಳ ಮೇಲೆ ಊರುಗಳ ಹೆಸರುಗಳಿವೆ. ವ್ಯಕ್ತಿಯೊಬ್ಬರ ಹೆಸರಿರುವುದು ಒಂದೇ ಕಲ್ಲಿನ ಮೇಲೆ, ಅದು ಕೊರ್ಚಾಕರದು. ಹೆಸರಿನ ಕೆಳಗೆ ಮಕ್ಕಳನ್ನೂ ಸೇರಿಸಿ ಕೆತ್ತಿದ್ದಾರೆ.